ಅಜ್ಜನ ಟ್ರಂಕಿನಲ್ಲಿ ಸಿಕ್ಕ ತಗಡಿನ ರೈಲಿಗೆ ಬಣ್ಣ ಹೊಡೆಸಬಹುದಾ?

ಗದಗಿನ ಅಜ್ಜನ ಮನೆಯ ಅಟ್ಟದಲ್ಲಿ ಟ್ರಂಕು ತೆಗೆದಾಗ ತಗಡಿನ ಆಟಿಕೆ ರೈಲು ಸಿಕ್ಕಿತು ಅಂತ ಬರೆದಿದ್ದೀರಿ. ಹಸಿರು ಎಂಜಿನ್, ಅದರ ಬದಿಯಲ್ಲಿ 3435 ಅನ್ನೋ ಸಂಖ್ಯೆ, ಎರಡು ಬೋಗಿ, ಒಂದಷ್ಟು ಹಳಿ. ಅಲ್ಲಲ್ಲಿ ತುಕ್ಕು. ಚಾವಿ ಇಲ್ಲ. ಬಣ್ಣ ಹೊಡೆಸಿ ಶೋಕೇಸಿನಲ್ಲಿ ಇಡಲಾ, ಮಾರಿಬಿಡಲಾ, ಇಂಥದ್ದನ್ನು ಕೂಡಿಸುವವರು ಏನು ಮಾಡುತ್ತಾರೆ ಅಂತ ಕೇಳಿದ್ದೀರಿ.

ಬಣ್ಣ ಮಾತ್ರ ಹೊಡೆಸಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು. ಬಣ್ಣ ಒಂದು ಸಲ ಬಿದ್ದರೆ ವಾಪಸ್ ಬರೋ ದಾರಿ ಇಲ್ಲ.

ಇದನ್ನು ನಾನು ನನ್ನ ಕೈಯಾರೆ ಮಾಡಿ ಕಲಿತೆ. ನಮ್ಮದು ಹುಬ್ಬಳ್ಳಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ತಗಡಿನ ಕೆಲಸದವರು. ಬೆಳಿಗ್ಗೆ ವರ್ಕ್‌ಶಾಪಿನ ಭೋಂಗಾ ಆದರೆ ನಮ್ಮ ಓಣಿಗೆ ಅದೇ ಗಡಿಯಾರ. ನಮ್ಮ ಕ್ವಾರ್ಟರ್ಸ್ ಹತ್ತಿರ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರ್ ಇದ್ದರು. ಅವರ ಮನೆಯವರೆಲ್ಲ ಆಸ್ಟ್ರೇಲಿಯಾಕ್ಕೆ ಹೊರಟಾಗ ಸಾಮಾನು ಹಂಚಿದರು. ನನ್ನ ಪಾಲಿಗೆ ಬಂದದ್ದು ಒಂದು ಚಾವಿ ರೈಲು. ಆಗ ನನಗೆ ಆರೇಳು ವರ್ಷ. ಬೋಗಿಯ ಪಕ್ಕದಲ್ಲಿ ಚಿನ್ನದ ಬಣ್ಣದ ಅಕ್ಷರದಲ್ಲಿ 'ಮಾರ್ಜರಿ' ಅಂತ ಇಂಗ್ಲಿಷಿನಲ್ಲಿ ಇತ್ತು. ನಾನು ಓದಲು ಕಲಿತ ಮೊದಲ ಇಂಗ್ಲಿಷ್ ಪದ ಅದು. ಎ ಫಾರ್ ಆ್ಯಪಲ್ ಆಮೇಲೆ ಬಂತು.

ಮುಂದೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅದು ಮಾಸಿ ಹೋಗಿದೆ, ಹೊಸದು ಮಾಡೋಣ ಅಂದುಕೊಂಡು ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಕೊಟ್ಟೆ. ಕೆಂಪು ಬಣ್ಣ ಹೊಳೆಯುತ್ತಾ ಬಂತು. ಮಾರ್ಜರಿ ಹೋಗಿದ್ದಳು. ಕಿಟಕಿ ಹೋಗಿತ್ತು, ಬಾಗಿಲ ಹಿಡಿಕೆ ಹೋಗಿತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕೇಳಿ ಮಾಡಬೇಕಿತ್ತಲ್ಲಪ್ಪಾ" ಅಂದರು. ಅಷ್ಟೇ. ಆ ಮಾತು ಈಗಲೂ ಕಿವಿಯಲ್ಲಿದೆ.

ಯಾಕೆ ವಾಪಸ್ ಬರುವುದಿಲ್ಲ ಅಂತ ಆಮೇಲೆ ಅಪ್ಪನೇ ಬಿಡಿಸಿ ಹೇಳಿದರು. ಈ ರೈಲುಗಳ ಮೇಲಿರುವುದು ಬ್ರಶ್ಶಿನಿಂದ ಬಳಿದ ಬಣ್ಣ ಅಲ್ಲ, ಅಚ್ಚು. ತಗಡು ಇನ್ನೂ ಸಪಾಟಾಗಿ ಹಾಳೆಯ ಹಾಗೆ ಇರುವಾಗಲೇ ಅದರ ಮೇಲೆ ಒಂದೊಂದೇ ಬಣ್ಣ ಅಚ್ಚು ಹಾಕುತ್ತಾರೆ, ಒಲೆಯಲ್ಲಿ ಒಣಗಿಸುತ್ತಾರೆ, ಮೇಲೊಂದು ವಾರ್ನಿಶ್ ಕೊಡುತ್ತಾರೆ. ಆಮೇಲೆ ಪ್ರೆಸ್ಸಿನಲ್ಲಿ ಕತ್ತರಿಸಿ, ಮಡಚಿ, ತಗಡಿನ ಪುಟ್ಟ ನಾಲಗೆಗಳನ್ನು ಸೀಳಿನೊಳಗೆ ತೂರಿಸಿ ತಿರುಚುತ್ತಾರೆ. ಬೋಗಿ ನಿಂತಾಯಿತು. ಕಿಟಕಿ, ಪರದೆ, ಮೊಳೆಯ ತಲೆ ಎಲ್ಲವೂ ಬರೀ ಅಚ್ಚಿನ ಚಿತ್ರ. ಥಿನ್ನರ್ ಹಾಕಿ ಮೇಲಿನ ಹೊಸ ಬಣ್ಣ ತೆಗೆಯಲು ಹೋದರೆ ಕೆಳಗಿನ ಅಚ್ಚೂ ಅದರ ಜೊತೆಗೇ ಎದ್ದು ಬರುತ್ತದೆ. ಇನ್ನೂ ಹಳೆಯ, ದುಬಾರಿ ರೈಲುಗಳಿಗೆ ಕೈಯಿಂದಲೇ ಬಣ್ಣ ಹಾಕುತ್ತಿದ್ದರು. ಅವುಗಳಿಗೂ ಇದೇ ಮಾತು. ಆ ಕಾಲದ ಕೈ ಮತ್ತೆ ಸಿಗುವುದಿಲ್ಲ.

ಈಗ ನಿಮ್ಮ ರೈಲು ಯಾವುದು ಅನ್ನೋದಕ್ಕೆ ಬರುತ್ತೇನೆ. 3435 ಅನ್ನೋ ಸಂಖ್ಯೆ ನೋಡಿದ ತಕ್ಷಣ ನನಗೆ ಖುಷಿಯಾಯಿತು. ಅದು ಹಾರ್ನ್‌ಬಿ ಕಂಪನಿಯ ಎಂ 1 ಅನ್ನೋ ಚಾವಿ ಎಂಜಿನ್ನಿನ ಸಂಖ್ಯೆ. ನಾಲ್ಕು ಗಾಲಿ, ಹಿಂದೆ ಟೆಂಡರ್, ಅಂದರೆ ಕಲ್ಲಿದ್ದಲು ತುಂಬುವ ಪುಟ್ಟ ಗಾಡಿ. ನಿಮ್ಮ ಬೋಗಿಗಳ ಪಕ್ಕ ಮಸಿ ಒರೆಸಿ ನೋಡಿ. ಮಾರ್ಜರಿ, ಆರೀಲಿಯಾ, ವೈಕಿಂಗ್ ಈ ಮೂರರಲ್ಲಿ ಒಂದು ಹೆಸರು ಸಿಕ್ಕರೆ ಅವು ಅದೇ ಸೆಟ್ಟಿನ ಪುಲ್‌ಮನ್ ಬೋಗಿಗಳು, ಅಂದರೆ ಐಷಾರಾಮಿ ಪ್ರಯಾಣಿಕರ ಬೋಗಿಯ ಮಾದರಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಅನ್ನುವವರದು ಮೆಕ್ಯಾನೋ ಕಂಪನಿ. ತೂತಿನ ಪಟ್ಟಿ, ನಟ್ಟು, ಬೋಲ್ಟು ಜೋಡಿಸಿ ಆಡುವ ಆಟಿಕೆ ಮಾಡಿದವರು ಅವರೇ. 1920ರಲ್ಲಿ ಅವರು ರೈಲು ಶುರು ಮಾಡಿದರು. ಮೊದಲ ರೈಲುಗಳನ್ನೂ ಮೆಕ್ಯಾನೋ ಥರವೇ ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ಎಂ 1 ಅವರ ಅಗ್ಗದ ಸಾಲಿನದು. ಎರಡನೇ ಮಹಾಯುದ್ಧಕ್ಕೆ ಮುಂಚೆಯೂ ಮಾಡಿದರು, ಆಮೇಲೂ ಮಾಡಿದರು.

ಖಾತ್ರಿ ಮಾಡಿಕೊಳ್ಳಲು ಶಾಲೆಯ ಸ್ಕೇಲ್ ತಗೊಳ್ಳಿ. ಎರಡು ಹಳಿಗಳ ಒಳಅಂಚಿನ ನಡುವೆ ಅಳೆಯಿರಿ. 32 ಮಿಲಿಮೀಟರ್ ಆಸುಪಾಸು ಬಂದರೆ ಅದು ಓ ಗೇಜ್. 45 ಬಂದರೆ ಒಂದನೇ ಗೇಜ್, ಅದು ದೊಡ್ಡದು, ಇನ್ನೂ ಅಪರೂಪ. ಹೀಗೆ ಆಟಿಕೆ ಹಳಿಗೂ ನಂಬರ್ ಕೊಟ್ಟು ಗೇಜ್ ಗೊತ್ತು ಮಾಡಿದವರು ಜರ್ಮನಿಯ ಮಾರ್ಕ್ಲಿನ್ ಕಂಪನಿಯವರು, 1891ರ ಲೈಪ್‌ಜಿಗ್ ಮೇಳದಲ್ಲಿ. ಇವತ್ತು ಎಂಜಿನ್ ಕೊಳ್ಳಿ, ಮುಂದಿನ ಹಬ್ಬಕ್ಕೆ ಬೋಗಿ, ಅದರ ಮುಂದಿನ ಹಬ್ಬಕ್ಕೆ ಎರಡು ಹಳಿ, ಎಲ್ಲವೂ ಒಂದಕ್ಕೊಂದು ಕೂಡಬೇಕು. ಈ ಯೋಚನೆ ಎಷ್ಟು ದೊಡ್ಡದು ಅಂತ ಹುಬ್ಬಳ್ಳಿ ಗದಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಮೀಟರ್ ಗೇಜ್ ರೈಲು ನೋಡುತ್ತಾ ಬೆಳೆದವರು, ಆಮೇಲೆ 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದದ್ದನ್ನು ಕಂಡವರು. ನಾನು ಒಮ್ಮೆ ಲೆಕ್ಕ ಹಾಕಿದ್ದೆ. 32 ಮಿಲಿಮೀಟರ್ ಹಳಿಯನ್ನು ನಮ್ಮ ಹಳೇ ಮೀಟರ್ ಗೇಜ್ ಅಂತ ಎಣಿಸಿದರೆ ರೈಲು ಅಸಲಿನ 31ನೇ ಒಂದು ಪಾಲು, 1676 ಮಿಲಿಮೀಟರಿನ ಬ್ರಾಡ್ ಗೇಜ್ ಅಂತ ಎಣಿಸಿದರೆ 52ನೇ ಒಂದು ಪಾಲು. ಕಂಪನಿಯವರ ಲೆಕ್ಕ ಇದಲ್ಲ, ಅವರದು ಅವರ ಊರಿನ 1435 ಮಿಲಿಮೀಟರ್ ಗೇಜು. ಆದರೂ ಹಳಿ ಹಾಸಿದಾಗಲೆಲ್ಲ ನನಗೆ ಗದಗ ಲೈನಿನ ಮೀಟರ್ ಗೇಜೇ ಕಣ್ಣ ಮುಂದೆ ಬರುತ್ತದೆ.

ತುಕ್ಕಿನ ಮಾತು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದ್ರೆ ಜಾಸ್ತಿ ರೈಲು ಹಾಳಾಗುವುದು ಇಲ್ಲೇ. ಈ ತಗಡು ಅಂದರೆ ತೆಳು ಉಕ್ಕಿನ ಹಾಳೆ, ಮೇಲೆ ತವರದ ಲೇಪ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತೇವಲ್ಲ, ಆ ಕಲಾಯಿಯೂ ತವರವೇ. ಲೇಪ ಗಟ್ಟಿ ಇರುವವರೆಗೆ ಏನೂ ಆಗುವುದಿಲ್ಲ. ಆದರೆ ಗೀರು ಬಿದ್ದರೆ ಕಷ್ಟ. ಮನೆ ಮೇಲಿನ ಪತ್ರಾಸಿಗೆ ಸತುವಿನ ಲೇಪ ಇರುತ್ತದೆ. ಅಲ್ಲಿ ಗೀರಾದರೂ ಸತು ತಾನು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ. ತವರ ಹಾಗೆ ಕಾಯುವುದಿಲ್ಲ. ಗೀರಿನ ಜಾಗದಲ್ಲಿ ಉಕ್ಕೇ ಮೊದಲು ತಿನ್ನಿಸಿಕೊಳ್ಳುತ್ತದೆ, ಬೇಗ ತಿನ್ನಿಸಿಕೊಳ್ಳುತ್ತದೆ. ಅದಕ್ಕೇ ಗಟ್ಟಿ ಬ್ರಶ್, ಸ್ಟೀಲ್ ಜುಂಗು, ಎಮರಿ ಪೇಪರ್ ಹತ್ತಿರವೂ ತರಬೇಡಿ. ಹಿತ್ತಾಳೆ ಪಾತ್ರೆಗೆ ಮಾಡಿದಂತೆ ಹುಣಸೆಹಣ್ಣು ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ಸೀಮೆಎಣ್ಣೆ, ಥಿನ್ನರ್, ಬ್ರಾಸೋ ಇವೂ ಬೇಡ.

ಮೊದಲು ಮೆತ್ತನೆಯ ಬ್ರಶ್ಶಿನಿಂದ ಧೂಳು ಕೊಡವಿ. ನಾನು ಮಕ್ಕಳ ಚಿತ್ರಕಲೆಯ ಬ್ರಶ್ ಬಳಸುತ್ತೇನೆ. ಆಮೇಲೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ (ಔಷಧಿ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ಎಣ್ಣೆ, ಸೀಮೆಎಣ್ಣೆ ಅಲ್ಲ) ಹತ್ತಿಗೆ ತಾಗಿಸಿ ಬೋಗಿಯ ಅಡಿಯಲ್ಲಿ, ಕಾಣದ ಕಡೆ ಪರೀಕ್ಷೆ ಮಾಡಿ. ಹತ್ತಿಗೆ ಬಣ್ಣ ಬರದಿದ್ದರೆ ಮೇಲೆ ನಿಧಾನಕ್ಕೆ ಒರೆಸಿ. ಮಸಿ ಹೋಗುತ್ತದೆ, ಬಣ್ಣ ಏಳುತ್ತದೆ. ತುಕ್ಕಿನ ಕಲೆ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ, ಹರಡದಿದ್ದರೆ ಸಾಕು. ಗಾಲಿಯ ಅಚ್ಚಿಗೆ ಹೊಲಿಗೆ ಮಷಿನ್ನಿನ ಎಣ್ಣೆ, ಸೂಜಿ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು. ಕೊಬ್ಬರಿ ಎಣ್ಣೆ ಹಾಕಬೇಡಿ, ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ.

ಚಾವಿಗೆ ಗಡಿಯಾರ ರಿಪೇರಿಯವರನ್ನು ಕೇಳಿ. ಹಳಬರ ಹತ್ತಿರ ಗೋಡೆ ಗಡಿಯಾರದ ಚಾವಿಗಳ ಗೊಂಚಲೇ ಇರುತ್ತದೆ. ಚೌಕ ತೂತು ಸರಿಯಾಗಿ ಕೂಡಬೇಕು, ಸಡಿಲ ಇದ್ದರೆ ಒಳಗಿನ ಅಚ್ಚು ಸವೆಯುತ್ತದೆ. ಚಾವಿ ಕೂಡಿದ ಮೇಲೆ ಅರ್ಧ ಸುತ್ತು ಮಾತ್ರ ಕೊಡಿ. ತಿರುಗದಿದ್ದರೆ ಜೋರು ಮಾಡಬೇಡಿ, ಒಳಗೆ ಹಳೇ ಎಣ್ಣೆ ಗಟ್ಟಿಯಾಗಿರುತ್ತದೆ. ಸ್ಪ್ರಿಂಗ್ ಇರುವ ಭಾಗವನ್ನು ನೀವಾಗಿ ಬಿಚ್ಚಬೇಡಿ. ಸುತ್ತಿಕೊಂಡ ಉಕ್ಕಿನ ಪಟ್ಟಿ ಒಮ್ಮೆಲೇ ಬಿಚ್ಚಿಕೊಂಡರೆ ಕೈ ಸೀಳುತ್ತದೆ. ತಗಡಿನ ನಾಲಗೆಗಳನ್ನೂ ಸುಮ್ನೆ ಎಬ್ಬಿಸಿ ಮಡಚಿ ಮಾಡಬೇಡಿ. ಎರಡು ಮೂರು ಸಲ ಬಾಗಿದರೆ ಮುರಿಯುತ್ತವೆ.

ಗಾಲಿಗಳನ್ನೂ ಬೆಳಕಿಗೆ ಹಿಡಿದು ನೋಡಿ. ಯುದ್ಧಕ್ಕೆ ಮುಂಚಿನ ಕೆಲವು ಎರಕದ ಗಾಲಿಗಳು ತಾವಾಗಿಯೇ ಉಬ್ಬಿ, ಬಿರುಕು ಬಿಟ್ಟು ಪುಡಿಯಾಗುತ್ತವೆ. ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತು ಹೋದದ್ದು ಕಾರಣ. ನೀವು ಏನು ಮಾಡಿದರೂ ಅದು ನಿಲ್ಲುವುದಿಲ್ಲ. ಅಂಥ ಗಾಲಿ ಇದ್ದರೆ ಓಡಿಸಬೇಡಿ. ಹೊಸದಾಗಿ ಎರಕ ಹೊಯ್ದ ಬದಲಿ ಗಾಲಿ ಸಿಗುತ್ತವೆ. ಹಾಕಿಸಿ, ಹಳೆಯ ಗಾಲಿಯನ್ನು ಡಬ್ಬಿಯಲ್ಲಿ ಜೊತೆಗೇ ಇಡಿ.

ಇನ್ನೊಂದು ಎಚ್ಚರಿಕೆ. ಮುಂದೆ ಎಂದಾದರೂ ಹಳೇ ಕರೆಂಟಿನ ರೈಲು ಸಿಕ್ಕರೆ ಪ್ಲಗ್ಗಿಗೆ ಹಾಕಬೇಡಿ. ಮೊದಮೊದಲ ಕೆಲವು ರೈಲುಗಳು ಮನೆಯ ಕರೆಂಟನ್ನೇ ಒಂದು ಬಲ್ಬಿನ ಮೂಲಕ ಹಳಿಗೆ ಹಾಯಿಸುತ್ತಿದ್ದವು. 1925ರಲ್ಲಿ ಹಾರ್ನ್‌ಬಿಯ ಮೊದಲ ವಿದ್ಯುತ್ ರೈಲು ಬಂದಾಗಲೂ ಹೀಗೇ ಇತ್ತು. ಅಂಥದ್ದನ್ನು ನೋಡಲು ಇಟ್ಟುಕೊಳ್ಳಿ, ಅಷ್ಟೇ.

ಮಾರುವ ವಿಷಯ. ಎಂ 1 ಬಹಳ ಸಂಖ್ಯೆಯಲ್ಲಿ ಮಾಡಿದ ರೈಲು. ಅದರಿಂದ ದೊಡ್ಡ ದುಡ್ಡು ಬರುತ್ತದೆ ಅಂತ ನಾನು ಆಸೆ ತೋರಿಸುವುದಿಲ್ಲ. ಆದರೆ ನಿಮ್ಮ ಅಜ್ಜ ಅದನ್ನು ಇಷ್ಟು ವರ್ಷ ಟ್ರಂಕಿನಲ್ಲಿ ಜೋಪಾನ ಮಾಡಿದ್ದಾರೆ. ಯಾರಿಂದ ಬಂತು, ಯಾರು ಆಡಿದರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದು ರೈಲಿನ ಜೊತೆ ಇಡಿ. ರೈಲು ಇನ್ನೊಂದು ಸಿಗಬಹುದು. ಈ ಹಾಳೆ ಬರೆಯುವವರು ಆಮೇಲೆ ಸಿಗುವುದಿಲ್ಲ.

ಕೂಡಿಸಲು ಶುರು ಮಾಡುವುದಾದರೆ ಮುಂಬೈ ಚೋರ್ ಬಜಾರಿಗೆ ಓಡಬೇಡಿ. ಹಳೇದರ ಹಾಗೆ ಕಾಣುವ ಹೊಸ ತಗಡಿನ ಆಟಿಕೆಗಳು ಇಂಥ ಕಡೆ ಬೇಕಾದಷ್ಟು. ಯುದ್ಧಕ್ಕೂ ಮುಂಚಿನದು ಅಂತ ಹೇಳುತ್ತಾ ಪ್ಲಸ್ ಗುರುತಿನ ಸ್ಕ್ರೂ ಇದ್ದರೆ ಅನುಮಾನಪಡಿ. ಸವೆತ ಕೈ ತಾಗುವ ಜಾಗದಲ್ಲಿ ಇದೆಯಾ ನೋಡಿ. ಚಾವಿಯ ತೂತಿನ ಸುತ್ತ, ಕೊಂಡಿಯ ಹತ್ತಿರ, ಎಂಜಿನ್ನಿನ ಚಾವಣಿಯ ಮೇಲೆ. ಎಲ್ಲಾ ಕಡೆ ಒಂದೇ ಸಮ ತುಕ್ಕು ಇದ್ದರೆ ಅದು ಬೇಕಂತ ಹಿಡಿಸಿದ ತುಕ್ಕು. ನನ್ನನ್ನು ಕೇಳಿದರೆ ನಿಮ್ಮೂರಿನ ತೋಂಟದಾರ್ಯ ಜಾತ್ರೆಯ ಆಟಿಕೆ ಅಂಗಡಿಗಳಿಂದ ಶುರು ಮಾಡಿ. ನೀರಿನ ಬೋಗುಣಿಯಲ್ಲಿ ದೀಪ ಹಚ್ಚಿ ಬಿಟ್ಟರೆ ಪಟಪಟ ಅಂತ ಓಡುವ ತಗಡಿನ ದೋಣಿ ಜಾತ್ರೆಗಳಲ್ಲಿ ಕಂಡಿರುತ್ತೀರಿ. 1891ರಲ್ಲೇ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಕೇಳಿದ್ದರು. ಆಟಿಕೆ ಹಳಿಗೆ ನಂಬರ್ ಬಿದ್ದ ವರ್ಷವೇ ಅದು. ಕೆಲವು ದೋಣಿಗಳ ಒಳಮೈ ನೋಡಿದರೆ ಯಾವುದೋ ಎಣ್ಣೆ ಡಬ್ಬಿಯ ಅಚ್ಚು ಕಾಣುತ್ತದೆ. ಅದೂ ನಮ್ಮ ತಗಡಿನ ಕೆಲಸದವರ ಕೈಯೇ. ಅದನ್ನು ಜೋಪಾನ ಮಾಡುವವರು ಇನ್ನೂ ಕಡಿಮೆ.

ಶೋಕೇಸಿನಲ್ಲಿ ಇಡುವುದು ತಪ್ಪಲ್ಲ. ಬಿಸಿಲು ನೇರ ಬೀಳದಿರಲಿ, ಮಳೆಗಾಲದಲ್ಲಿ ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಳಗಿರಲಿ, ಸ್ಪ್ರಿಂಗಿಗೆ ಚಾವಿ ಕೊಟ್ಟು ಇಡಬೇಡಿ, ಸಡಿಲವಾಗಿಯೇ ಇರಲಿ. ಸುತ್ತಿಡಲು ಹಳೇ ಪಂಚೆ ಒಳ್ಳೆಯದು, ಪೇಪರ್ ತೇವ ಹಿಡಿಯುತ್ತದೆ. ಆದರೆ ವರ್ಷಕ್ಕೆ ಒಮ್ಮೆಯಾದರೂ ಓಡಿಸಿ. ನಮ್ಮ ಮನೆಯಲ್ಲಿ ಗಣೇಶ ಚೌತಿಗೆ ಗಣಪತಿ ಕೂರಿಸಿದ ಮಣೆಯ ಸುತ್ತ ಹಳಿ ಹಾಸುತ್ತೇವೆ. ಓಣಿಯ ಹುಡುಗರೆಲ್ಲ ಬರುತ್ತಾರೆ. ಒಬ್ಬೊಬ್ಬರಿಗೆ ಒಂದು ಚಾವಿ. "ಅಜ್ಜಾ, ಈಗ ನಂದು ಪಾಳಿ ಐತ್ರಿ" ಅಂತ ಸಾಲು ನಿಲ್ಲುತ್ತಾರೆ. ಒಂದು ಚಾವಿಗೆ ನಾಲ್ಕೈದು ಸುತ್ತು ಓಡುತ್ತದೆ. ಆ ಸದ್ದು ಕೇಳಿದರೆ ಮೊಬೈಲ್ ಹಿಡಿದು ಕೂತ ಹುಡುಗನೂ ಎದ್ದು ಬರುತ್ತಾನೆ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಹಾಗಾಗಿ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಕೊಡುವುದಿಲ್ಲ, ದೊಡ್ಡವರಿಗೆ ಆಡಿದ ಮೇಲೆ ಕೈ ತೊಳೆಸುತ್ತೇನೆ. ಹಬ್ಬ ಮುಗಿದ ಮೇಲೆ ಕೆಲವರನ್ನು ಗದಗ ರಸ್ತೆ ಕಡೆಯ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿ ನಿಜವಾದ ಎಂಜಿನ್ ತೋರಿಸುತ್ತೇನೆ. ಚಿಕ್ಕದನ್ನು ಕೈಯಲ್ಲಿ ಹಿಡಿದು ಬಂದ ಮಕ್ಕಳು ದೊಡ್ಡದರಲ್ಲಿ ಕೊಂಡಿ ಎಲ್ಲಿ, ಟೆಂಡರ್ ಎಲ್ಲಿ ಅಂತ ತಾವೇ ಹುಡುಕುತ್ತಾರೆ.

ಬಣ್ಣ ಬಳಿಸಿದ ನನ್ನ ಆ ಕೆಂಪು ಬೋಗಿಯನ್ನು ಇನ್ನೂ ಇಟ್ಟಿದ್ದೇನೆ. ಬಹಳ ವರ್ಷದ ಮೇಲೆ ಇನ್ನೊಂದು ಮಾರ್ಜರಿ ಸಿಕ್ಕಿತು, ಚಾವಣಿ ಸ್ವಲ್ಪ ಜಜ್ಜಿ ಹೋದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸುತ್ತೇನೆ.

ನಿಮ್ಮ ಬೋಗಿಯ ಮೇಲಿನ ಹೆಸರು ಯಾವುದು ಅಂತ ಒರೆಸಿ ನೋಡಿ ಬರೆಯಿರಿ. ಎಂಜಿನ್ನಿನ ಅಡಿಭಾಗದ ಮತ್ತು ಚಾವಿ ತೂತಿನ ಫೋಟೋ ಹಾಕಿ. ಗದಗಿನಲ್ಲಿ ಚಾವಿ ಸಿಗದಿದ್ದರೆ ಹೇಳಿ, ನನ್ನ ಹತ್ತಿರ ಒಂದು ಬಿಸ್ಕೀಟ್ ಡಬ್ಬಿ ತುಂಬ ಹಳೇ ಚಾವಿಗಳಿವೆ.