ಎಂಟನೇ ಕ್ಲಾಸಿನ ಮಕ್ಕಳು ಬಾಯಿ ಬಿಡುವುದಿಲ್ಲ ಅಂದ ಮೇಡಂಗೆ

ಮೇಡಂ, ನಿಮ್ಮ ಪೋಸ್ಟ್ ಓದಿದೆ. ಶಿಡ್ಲಘಟ್ಟದ ಕಡೆ ಹೈಸ್ಕೂಲು, ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಮೂವರು ಬಿಟ್ಟು ಉಳಿದವರೆಲ್ಲ ತಲೆ ತಗ್ಗಿಸುತ್ತಾರೆ, ಹೆಸರು ಹಿಡಿದು ಎಬ್ಬಿಸಿದರೆ ಅಳುತ್ತಾರೆ ಅಂದಿದ್ದೀರಿ. ಹಾಗೆ ಎಬ್ಬಿಸುವುದನ್ನು ಸದ್ಯಕ್ಕೆ ನಿಲ್ಲಿಸಿಬಿಡಿ.

ಏಳನೇ ತನಕ ಅವರದು ಸ್ವಂತ ಊರಿನ ಶಾಲೆ. ಈಗ ನಾಲ್ಕಾರು ಊರಿನವರು ಒಂದೇ ಕೋಣೆಯಲ್ಲಿದ್ದಾರೆ. ಹೊಸಬರ ಮುಂದೆ ತಪ್ಪು ಹೇಳಿ ನಗೆಪಾಟಲಾಗಲು ಯಾರಿಗೆ ಇಷ್ಟ? ಜೊತೆಗೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಉತ್ತರ ಗೊತ್ತಿರುತ್ತದೆ, ಕನ್ನಡದಲ್ಲಿ ಜೋಡಿಸಿಕೊಳ್ಳಲು ಹೊತ್ತು ಬೇಕು. ಅಷ್ಟರಲ್ಲಿ ನಾವೇ ಹೇಳಿ ಮುಗಿಸಿರುತ್ತೇವೆ.

ಆ ಹೊತ್ತು ಕೊಡಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. 3 ಸೆಕೆಂಡಿಗಿಂತ ಜಾಸ್ತಿ ಕಾದಾಗ ಉತ್ತರಗಳು ಉದ್ದವಾದವು, ಹಿಂದೆ ಉಳಿದ ಮಕ್ಕಳೂ ಮಾತಾಡಿದರು. ಆ ಮೌನ ನಮಗೇ ಕಸಿವಿಸಿ ಆಗುತ್ತದೆ, ಆದರೂ ತಡೆದುಕೊಳ್ಳಿ.

ಆಮೇಲೆ ಎರಡು ಸಾಲು ನೋಟ್‌ಬುಕ್ಕಿನಲ್ಲಿ ಬರೆಸಿ, ಪಕ್ಕದವರಿಗೆ ಹೇಳಲು ಬಿಡಿ. ತೆಲುಗಿನಲ್ಲಿ ಹೇಳಿಕೊಂಡರೂ ಪರವಾಗಿಲ್ಲ. ನೀವು ಬೆಂಚುಗಳ ನಡುವೆ ಓಡಾಡಿ. ಸುಮ್ನೆ ಇರುವ ಮಗುವಿನ ನೋಟ್‌ಬುಕ್ಕಲ್ಲಿ ಸರಿ ಕಂಡರೆ ಬಗ್ಗಿ ಮೆಲ್ಲಗೆ ಕೇಳಿ, 'ಇದು ಚೆನ್ನಾಗಿದೆ, ಆಮೇಲೆ ಓದ್ತೀಯಾ?' ಅಂತ. ಉತ್ತರ ಸರಿ ಅಂತ ಮೊದಲೇ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ.

ಪ್ರಶ್ನೆಯನ್ನೂ ಸ್ವಲ್ಪ ಬದಲಿಸಿ ನೋಡಿ. 'ಕೀಟದ ಜೀವನ ಚಕ್ರದ ಹಂತಗಳು ಯಾವುವು' ಅಂದಾಗ ನನ್ನ ಕ್ಲಾಸೂ ಗಪ್‌ಚುಪ್. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಅದಕ್ಕೇ 'ಹುಳು ಜ್ವರಕ್ಕೆ ಕೂತಾಗ ಮನೇಲಿ ಏನು ಮಾಡ್ತೀರಾ' ಅಂದೆ. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಸುಮ್ಮನೆ ಕೂರುವುದು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಆಗ ಸೊಪ್ಪು ಹಾಕಬಾರದು, ಸುಣ್ಣ ಉದುರಿಸಬೇಕು, ಪೊರೆ ಬಿಟ್ಟ ಮೇಲೆ ಮತ್ತೆ ಸೊಪ್ಪು, ಹೀಗೆ ನಾಲ್ಕು ಸಲ, ಆಮೇಲೆ ಹಣ್ಣಾದ ಹುಳ ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಅಂತ ಒಂದೇ ಉಸಿರಿಗೆ ಹೇಳಿದ. ಅವನು ಹೇಳಿದ್ದನ್ನೇ ಬೋರ್ಡ್ ಮೇಲೆ ಬರೆದು, ಪಕ್ಕದಲ್ಲಿ ಪುಸ್ತಕದ ಪದ ಬರೆದೆ. ಕೋಶಾವಸ್ಥೆ, ಅಂದರೆ ಹುಳು ಗೂಡಿನೊಳಗೆ ಇರುವ ಹಂತ, ಏನು ಅಂತ ಮತ್ತೆ ವಿವರಿಸಬೇಕಾಗಲಿಲ್ಲ.

ತಪ್ಪು ಉತ್ತರ ಬಂದಾಗ 'ಯಾಕೆ ಹಾಗನ್ನಿಸಿತು?' ಅಂತ ಕೇಳಿ. ಯಾರಾದರೂ ನಕ್ಕರೆ ಅಲ್ಲೇ ತಡೆಯಿರಿ, ಒಂದು ಸಲವೂ ಬಿಡಬೇಡಿ. ಮುಂದಿನ ಬೆಂಚಿನ ಮೂವರಿಗೆ 'ನಿಮ್ಮದು ಕೊನೆಗೆ ಕೇಳ್ತೀನಿ' ಅಂದರೆ ಸಾಕು, ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಆ ವಾರ ರೇಷ್ಮೆ ಮನೆಯ ಮಕ್ಕಳಿಗೆ ನಿದ್ದೆ ಸಾಲುವುದಿಲ್ಲ. ಕ್ಲಾಸಲ್ಲಿ ತೂಕಡಿಸಿದರೆ ಬೈಯಬೇಡಿ, ಮನೆಯಲ್ಲಿ ಹುಳು ಯಾವ ಹಂತದಲ್ಲಿದೆ ಅಂತ ವಿಚಾರಿಸಿ. ಏನು ಮಾಡಿದರೂ ಮಾತಾಡದ ಒಂದಿಬ್ಬರು ಇದ್ದರೆ ಅವರಿಗೆ ಕಿವಿ ಸರಿಯಾಗಿ ಕೇಳುತ್ತದಾ, ಬೋರ್ಡ್ ಕಾಣುತ್ತದಾ ನೋಡಿ. ಬಾಲ ಸ್ವಾಸ್ಥ್ಯದ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ಡಾಕ್ಟರು ಶಾಲೆಗೆ ಬಂದಾಗ ಈ ಮಕ್ಕಳನ್ನೇ ಮೊದಲು ತೋರಿಸಿ.