ಓದುಗರ ಪ್ರಶ್ನೆ: ಮುಸುಕುಧಾರಿಗೆ ಕತ್ತಿ ಬೇಕೇ?

ಪ್ರಶ್ನೆ: ಪ್ರೌಢಶಾಲೆ ವಾರ್ಷಿಕೋತ್ಸವಕ್ಕೆ ಜೊರ್ರೋನಂಥ ಮುಸುಕುಧಾರಿಯ ನಾಟಕ ಬರೆದಿದ್ದೇವೆ. 1840ರ ಸುಮಾರು, ಶಿರಾ ಕಡೆಯ ಹಳ್ಳಿ. ರಾಗಿ ಕದಿಯುವ ಕಳ್ಳರು, ಅವರೊಡನೆ ಶಾಮೀಲಾದ ಕಲೆಕ್ಟರ್, ಕೊನೆಗೆ ಕತ್ತಿವರಸೆ. ತಾಲೀಮಿನಲ್ಲಿ ಮುಖವಾಡ ಜಾರುತ್ತದೆ, ಮಾತೂ ಕೇಳುವುದಿಲ್ಲ. ಏನು ಮಾಡೋಣ?
– ಶಿಕ್ಷಕಿ, ತುಮಕೂರು

ಉತ್ತರ: ಮೊದಲು ಕಲೆಕ್ಟರನ್ನು ಮನೆಗೆ ಕಳಿಸಿ. ಅದು ಮದರಾಸು ಪ್ರಾಂತ್ಯದ ಹುದ್ದೆ. ಮೈಸೂರು ಸೀಮೆಯಲ್ಲಿ 1831ರಿಂದ 1881ರವರೆಗೆ ಕಮಿಷನರುಗಳ ಆಡಳಿತವಿತ್ತು; ನಿಮ್ಮ ಕಥೆಯ ಕಾಲಕ್ಕೆ ಮಾರ್ಕ್ ಕಬ್ಬನ್. ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕ್‌ದಾರ, ಊರಿಗೆ ಪಟೇಲ, ಶಾನುಭೋಗ. ಲಂಚಕೋರನ ಪಾತ್ರಕ್ಕೆ ಶೇಕ್‌ದಾರ ಸಾಕು. ಖಾಕಿ ಪೊಲೀಸರೂ ಬೇಡ, ಆಗ ಪೊಲೀಸ್ ಕೆಲಸ ನೋಡುತ್ತಿದ್ದ ಕಂದಾಚಾರ ಎಂಬ ಪಡೆಯ ಜವಾನರಿರಲಿ.

ಜೊರ್ರೋ 1919ರಲ್ಲಿ ಅಚ್ಚಾದ ಅಮೆರಿಕದ ಕಥೆಯ ನಾಯಕ, ಹಳೆಯ ಕ್ಯಾಲಿಫೋರ್ನಿಯಾದವನು. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ನರಿ ಎಂದರ್ಥ. ನರಿಬುದ್ಧಿ ಎರವಲು ತನ್ನಿ, ಕತ್ತಿ ಅಲ್ಲೇ ಇರಲಿ.

ನಿಮ್ಮ ಕಥೆಗೆ ಕಣದ ಮುದ್ರೆ ಹೇಳಿ ಮಾಡಿಸಿದಂತಿದೆ. ಬೆಳೆಯಲ್ಲಿ ಸರ್ಕಾರಕ್ಕೆ ಪಾಲು ಕೊಡುವ ಪದ್ಧತಿಯಿದ್ದ ಕಡೆ, ಪಾಲಾಗುವ ತನಕ ಯಾರೂ ಮುಟ್ಟದಂತೆ ರಾಶಿಯ ಮೇಲೆ ಹಸಿ ಮಣ್ಣಿಟ್ಟು ಮರದ ಮುದ್ರೆ ಒತ್ತುತ್ತಿದ್ದರು. ಶೇಕ್‌ದಾರನ ಬಳಿ ಕಳ್ಳಮುದ್ರೆಯೊಂದಿದೆ ಎನ್ನಿ. ರಾತ್ರಿ ರಾಗಿ ತೆಗೆದು ಮತ್ತೆ ಒತ್ತಿಬಿಡುತ್ತಾನೆ. ನಿಮ್ಮ ಮುಸುಕುಧಾರಿ ಸಂಜೆ ಮುದ್ರೆ ಬೀಳುವ ಮೊದಲೇ ಅಸಲಿ ಮುದ್ರೆಯ ಮೂಲೆಯಲ್ಲಿ ಒಂದು ಕಚ್ಚು ಹಾಕಿರಲಿ. ಬೆಳಿಗ್ಗೆ ಕಚ್ಚಿಲ್ಲದ ಮುದ್ರೆ ಕಂಡರೆ ಸಾಕು, ಊರೇ ಸಾಕ್ಷಿ.

ರಂಗದ ಮೇಲೆ ಮುದ್ರೆ 20 ಸೆಂ.ಮೀ. ಹಲಗೆಯಾಗಲಿ, ಕಚ್ಚು 3 ಸೆಂ.ಮೀ.; ಚಿಕ್ಕದಾದರೆ ಮೂರನೇ ಸಾಲಿನವರಿಗೂ ಕಾಣದು. ಒತ್ತುವ ಮುನ್ನ ಹಲಗೆಗೆ ಬೂದಿ ಸವರಿ. ಇಲ್ಲದಿದ್ದರೆ ಮಣ್ಣು ಹಲಗೆಗೇ ಅಂಟಿಕೊಂಡು ಬಂದು ಸಭೆ ನಕ್ಕುಬಿಡುತ್ತದೆ. ರಾಶಿಗೆ ಹುಲ್ಲು ತುಂಬಿದ ಗೋಣಿ, ಮೇಲೆ ಅಂಟು ಬಳಿದು ರಾಗಿ ಉದುರಿಸಿದರಾಯಿತು.

ಮುಖವಾಡ ಜಾರುವುದು ಎಲಾಸ್ಟಿಕ್‌ನಿಂದ. ಬೆವರಿದ ಕೂದಲ ಮೇಲೆ ಅದು ನಿಲ್ಲದು. ಕಪ್ಪು ಪಾಪ್ಲಿನ್ 90 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, ಎರಡು ಪದರ. ಹಣೆಯಿಂದ ಮೂಗಿನ ಅರ್ಧದವರೆಗೆ ಬರುವಂತೆ ಸುತ್ತಿ ಹಿಂದೆ ಗಂಟು ಹಾಕಿ. ಕಣ್ಣಿನ ಜಾಗವನ್ನು ಹುಡುಗನ ಮುಖದ ಮೇಲಿಟ್ಟೇ ಸೀಮೆಸುಣ್ಣದಲ್ಲಿ ಗುರುತಿಸಿ ಕತ್ತರಿಸಿ, ಅಂಚಿಗೆ ಕಾಜಾ ಹೊಲಿಗೆ ಹಾಕಿಸಿ. ರೆಪ್ಪೆಯ ಸುತ್ತ ಕಾಡಿಗೆ ಹಚ್ಚದಿದ್ದರೆ ತೂತಿನಲ್ಲಿ ಚರ್ಮ ಇಣುಕುತ್ತದೆ. ಬಾಯಿ ಮುಚ್ಚಲೇಬೇಡಿ. ನಿಲುವಂಗಿಯ ಬದಲು ಕಂಬಳಿ ಕೊಪ್ಪೆ ಹಾಕಿದರೆ ಮೇಲಿನ ದೀಪದ ನೆರಳು ಮುಖದ ಮೇಲೆ ಬಿದ್ದು ಅರ್ಧ ಕೆಲಸ ಅದೇ ಮಾಡುತ್ತದೆ. ಕಚಗುಳಿ ಅಂತ ಹುಡುಗ ಗೊಣಗಿದರೆ ಒಳಗೆ ಹತ್ತಿಬಟ್ಟೆ ಕೊಡಿ.

ಪ್ರಶ್ನೆ: ಅದೇ ಕಾಲದ ಶಾನುಭೋಗನ ಕೈಗೆ ರಂಗದ ಮೇಲೆ ಯಾವ ಪುಸ್ತಕ ಕೊಡಬಹುದು?
– ಓದುಗ, ಚಿಂತಾಮಣಿ

ಉತ್ತರ: ಕಡತ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಅಡ್ಡಕ್ಕೆ ಮಡಿಕೆ ಮಡಿಕೆಯಾಗಿ ಮಡಿಸಿದ್ದು, ಬರವಣಿಗೆ ಬಳಪದಲ್ಲಿ. ಒಮ್ಮೆಗೇ ದಪ್ಪ ಬಳಿದರೆ ಮಡಿಕೆಯಲ್ಲಿ ಬಿರಿಯುತ್ತದೆ, ತೆಳುವಾಗಿ ಎರಡು ಸಲ ಬಳಿಯಿರಿ. ಒದ್ದೆ ಬೆರಳಾಡಿಸಿದರೆ ಅಂಕಿ ಅಳಿಸಿಹೋಗುತ್ತದೆ. ನಿಮ್ಮ ಶಾನುಭೋಗ ಕಳ್ಳನಾಗಿದ್ದರೆ ಬೆರಳ ತುದಿಯ ಬಿಳಿ ಪುಡಿಯಿಂದಲೇ ಸಿಕ್ಕಿಬೀಳಲಿ.