ಬುಧವಾರ ರಾತ್ರಿ ನಿದ್ದೆ ಬಾರದ ನಿರೂಪಕ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಟಿವಿ ಸುದ್ದಿ ನಿರೂಪಕರೊಬ್ಬರು ಸಲಹೆಗಾರ್ತಿಯಾದ ನನ್ನ ಹತ್ತಿರ ಮೂರು ಸಲ ಬಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಜಿಲ್ಲಾ ವರದಿಗಾರರಾಗಿ ಶುರು ಮಾಡಿ ರಾತ್ರಿ 9ರ ಚರ್ಚೆಯ ಕುರ್ಚಿಗೆ ಬಂದವರು ಇವರು. ಆಮೇಲೆ ರೇಟಿಂಗ್ ನಂಬರ್ ಕುಸಿಯಿತು. ಮಧ್ಯಾಹ್ನ 3ಕ್ಕೆ ಹಾಕಿದರು. ಕೊನೆಗೆ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ.

ಕೆಲಸ ಹೋಗಿ ಎಂಟು ತಿಂಗಳಾದರೂ ಬುಧವಾರ ರಾತ್ರಿ ನಿದ್ದೆ ಇಲ್ಲ. ಯಾವ ಚಾನೆಲನ್ನು ಎಷ್ಟು ಜನ ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ ಬರುವುದು ಗುರುವಾರ ನೋಡಿ. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಂತಿತ್ತಲ್ವಾ? "ಮೇಡಂ, ಆಗ ಮಾತ್ರ ತಲೆ ಇಟ್ಟ ತಕ್ಷಣ ನಿದ್ದೆ ಬರ್ತಿತ್ತು" ಎಂದರು.

ಮೂರನೇ ಭೇಟಿಗೆ ಹೆಂಡತಿಯೂ ಬಂದಿದ್ದರು. ನಿರೂಪಕರದು ಅದೇ ಸ್ಟುಡಿಯೋ ದನಿ, ಅದೇ ಕೈ ಬೀಸು. "ಲಕ್ಷಾಂತರ ಜನ ನನ್ನ ಮಾತು ಕೇಳ್ತಿದ್ರು. ಈಗ ಯಾರಿದ್ದಾರೆ?"

ಹೆಂಡತಿ ಮೆಲ್ಲಗೆ ಹೇಳಿದರು: "ನಾನಂತೂ ಕೇಳ್ತಿರಲಿಲ್ಲ ರೀ. ಮ್ಯೂಟ್ ಮಾಡಿ ನೋಡ್ತಿದ್ದೆ."

"ಎಷ್ಟು ದಿನದಿಂದ?" ಗಂಡ ಕೇಳಿದರು.

"ಮೊದಲಿಂದಲೂ. ಆ ಕೂಗಾಟ ನನಗೆ ಆಗಲ್ಲ. ಮುಖ ನೋಡಿದ್ರೆ ಸಾಕು, ಊಟ ಮಾಡಿದ್ದೀರೋ ಇಲ್ವೋ ಗೊತ್ತಾಗ್ತಿತ್ತು."

ಅವರು ತುಂಬ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಆಗ ಬಾಯಿ ಹಾಕಿದ್ದರೆ ಕೆಡಿಸಿಬಿಡುತ್ತಿದ್ದೆ. ಮತ್ತೆ ಮಾತಾಡಿದಾಗ ಮನೆಯ ದನಿ ಇತ್ತು, ಊರಿನ ಭಾಷೆ ಇತ್ತು.

ನಾನು ಕೊಟ್ಟ ಸಲಹೆ ಇಷ್ಟೇ. ಆರು ತಿಂಗಳು ಕ್ಯಾಮೆರಾ ಮುಂದೆ ಕೂರಬೇಡಿ. ಸಾಲದ ಕಂತಿಗೆ ತೆರೆಯ ಹಿಂದಿನ ಸುದ್ದಿ ಡೆಸ್ಕ್ ಕೆಲಸ ಹಿಡಿಯಿರಿ. ಯೂಟ್ಯೂಬ್ ಚಾನೆಲ್ ಈಗ ಬೇಡ. ಅಲ್ಲಿ ಗುರುವಾರದವರೆಗೂ ಕಾಯಬೇಕಿಲ್ಲ, ಗಳಿಗೆಗೊಂದು ನಂಬರ್ ಕಾಣುತ್ತದೆ.

ಜೊತೆಯ ಸಲಹೆಗಾರರೊಬ್ಬರು ಬೈದರು. ಬರುವ ವಿದ್ಯೆಯನ್ನೇ ಬಿಡು ಅಂದರೆ ಹೇಗೆ, ಜನ ಮರೆತುಬಿಡುತ್ತಾರೆ ಎಂದರು. ಮರೆಯಲಿ ಬಿಡಿ. ಅಮೆರಿಕದ ಎನ್‌ಬಿಸಿ ಚಾನೆಲ್‌ನ ಸುದ್ದಿ ನಿರೂಪಕ ಬ್ರಯಾನ್ ವಿಲಿಯಮ್ಸ್ 2003ರ ಇರಾಕ್ ಯುದ್ಧದಲ್ಲಿ ತಾನಿದ್ದ ಹೆಲಿಕಾಪ್ಟರ್‌ಗೇ ರಾಕೆಟ್ ಗ್ರೆನೇಡ್ ಬಡಿಯಿತು ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದರು. 2015ರಲ್ಲಿ ಸಂಬಳವಿಲ್ಲದೆ ಆರು ತಿಂಗಳು ಮನೆಯಲ್ಲಿ ಕೂತರು. ಹಳೆಯ ಕುರ್ಚಿ ಮತ್ತೆ ಸಿಗಲಿಲ್ಲ. ಆದರೆ 2016ರಿಂದ ಎಂಎಸ್‌ಎನ್‌ಬಿಸಿ ಚಾನೆಲ್‌ನಲ್ಲಿ ರಾತ್ರಿ 11ರ ಕಾರ್ಯಕ್ರಮ ನಡೆಸಿದರು, ಐದು ವರ್ಷ. ನಮ್ಮವರು ಅಂಥ ತಪ್ಪೇನೂ ಮಾಡಿರಲಿಲ್ಲ, ಹೋಲಿಕೆ ಅಷ್ಟು ಸರಿಯಿಲ್ಲ, ಒಪ್ಪುತ್ತೇನೆ. ಆದರೂ ಆರು ತಿಂಗಳಲ್ಲಿ ಬದುಕು ಮುಗಿಯುವುದಿಲ್ಲ ಅಂತ ತೋರಿಸಬೇಕಿತ್ತು.

ಹೋದ ತಿಂಗಳು ಫೋನ್ ಮಾಡಿದ್ದರು. ರೇಟಿಂಗ್ ಈಗಲೂ ನೋಡುತ್ತಾರಂತೆ. ಗುರುವಾರವೇ, ಆದರೆ ಊಟ ಆದ ಮೇಲೆ.